ಇಪ್ಪತ್ತರಿಂದ ಒಂದರವರೆಗೆ

"ತಲೆ ಒಂಚೂರು ಎತ್ತಿ ಹಿಡಿಯೋ," ಎಂದ ಹಾಯ್ಟ್.

ಕೋಯ್ ಎರಡೂ ಕೈ ಹಾಕಿ ಅಪ್ಪನ ತಲೆಯನ್ನು ಎತ್ತಿ ಹಿಡಿದ. ನೆನೆದ ಮರದ ತುಂಡಿನ ಹಾಗೆ ಭಾರವಾಗಿತ್ತು, ತಣ್ಣಗಿತ್ತು. ಹಾಯ್ಟ್ ಕತ್ತಿನ ಹಿಂದಿನ ಬಿಳಿಗೂದಲನ್ನು ಬಾಚಣಿಗೆಯಿಂದ ಎತ್ತಿ ಕತ್ತರಿ ಆಡಿಸಿದ. ಕೂದಲು ಕೋಯ್‌ನ ಮುಂಗೈ ಮೇಲೆ ಉದುರಿತು. ಅವನಿಗೆ ಏನೂ ಅನ್ನಿಸಲಿಲ್ಲ. ಮಂಗಳವಾರ ಅಪ್ಪ ಸತ್ತಾಗಿನಿಂದ ಏನೂ ಅನ್ನಿಸಿರಲಿಲ್ಲ.

"ಯಾವ ಕತ್ತೆ ಕತ್ತರಿಸಿದ್ದು ಇದನ್ನ?"

"ನಾನೇ, ಮಿಸ್ಟರ್ ಹಾಯ್ಟ್."

"ಯಾವ ಕತ್ತರೀಲಿ?"

"ಅಡುಗೆಮನೇದು."

"ಕೋಳಿ ಕತ್ತರಿಸೋದು. ಅಂದ್ಕೊಂಡೆ."

ಹಾಯ್ಟ್ ಹಾರ್ಲನ್ ಕ್ರೀಕ್ ಊರಿನ ಕ್ಷೌರಿಕ. ಅವನೂ ಅಪ್ಪನೂ ಮೂರನೇ ಕ್ಲಾಸಿನಿಂದ ಗೆಳೆಯರು. ಆದರೆ ಕಳೆದ ಹನ್ನೊಂದು ವರ್ಷ ಹಾಯ್ಟ್ ಅಪ್ಪನನ್ನು ತನ್ನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಇವತ್ತು ಬೆಳಿಗ್ಗೆ ಎಂಟಕ್ಕೆ, ಯಾರೂ ಕರೆಯದೆ, ಚರ್ಮದ ಚೀಲ ಹಿಡಿದು ಬಂದು ನಿಂತಿದ್ದ.

ಊರಿನ ಹೆಣಗಳನ್ನೆಲ್ಲ ತೊಳೆದು, ಉಡಿಸಿ, ಮಣ್ಣಿಗೆ ಕಳಿಸುವ ಪ್ರುಯಿಟ್ ಬಾಗಿಲಲ್ಲಿ ಇಣುಕಿದ. "ಬೇಗ ಆಗ್ಲಿ. ಹನ್ನೊಂದಕ್ಕೆ ಚರ್ಚು, ಹನ್ನೊಂದೂವರೆಗೆ ಅಲ್ಲಿಂದ ಹೊರಡಬೇಕು. ಎರಡೂವರೆಗೆ ಫುಟ್‌ಬಾಲ್ ಆಟ. ಹನ್ನೆರಡು ದಾಟಿದ್ರೆ ಸ್ಟೇಡಿಯಂ ರಸ್ತೇಲಿ ಹೆಣ ಇರ್ಲಿ, ಸೊಳ್ಳೆ ದಾಟೋಕಾಗಲ್ಲ. ಸೋಮವಾರ ಇಟ್ಕೊಳ್ಳಿ ಅಂತ ಬಡ್ಕೊಂಡೆ, ನಿಮ್ಮತ್ತೆ ಕೇಳ್ಬೇಕಲ್ಲ."

ಅಕ್ಟೋಬರಿನ ಶನಿವಾರ ಎಂದರೆ ಆಟದ ದಿನ; ಅವತ್ತು ಹಾರ್ಲನ್ ಕ್ರೀಕಿನಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಯಾರನ್ನೂ ಹೂಳುವುದಿಲ್ಲ. ಲುಡೆಲ್ ಅತ್ತೆಗೆ ಬೇಕೆಂತಲೇ ಶನಿವಾರ ಬೇಕಿತ್ತು. ತಮ್ಮನಿಗಾಗಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಕಣ್ಣಾರೆ ನೋಡಬೇಕಿತ್ತು.

"ಬೇರೆ ಏನೂ ಅಂದ್ಕೋಬೇಡ," ಎಂದ ಹಾಯ್ಟ್, ಕತ್ತರಿ ನಿಲ್ಲಿಸದೆ. "ಈ ತಲೆ ಮುಟ್ಟಲ್ಲ ಅಂತ ಆಣೆ ಹಾಕಿದ್ದೆ. ಆದ್ರೆ ನಮ್ಮೂರ ಹೆಣ ಈ ಅವತಾರದಲ್ಲಿ ಮಣ್ಣಿಗೆ ಹೋದ್ರೆ ನನ್ನ ಕಸುಬಿಗೆ ಕೆಟ್ಟ ಹೆಸರು." ಬಾಚಣಿಗೆ ಜಾಡಿಸಿ ಹೇಳಿದ, "ನನ್ನ ಹೆಂಡ್ತಿ ಮೇಬಲ್ ಹೋದಾಗ ಪೇಪರಲ್ಲಿ ಸಾವಿನ ಸುದ್ದಿ ಇವನೇ ಬರ್ದಿದ್ದು. ಚೆನ್ನಾಗೇ ಬರ್ದಿದ್ದ. ಅವಳು ಮಾಡ್ತಿದ್ದ ಪೀಚ್ ಹಣ್ಣಿನ ಕಡುಬೂ ಸೇರಿಸಿ."

ಕೂದಲು ಮುಗಿಯಿತು. ಕತ್ತು ಸವರಿ, ಬ್ರಷ್ಷಿನಿಂದ ಜಾಡಿಸಿದ. ಚೀಲದಲ್ಲಿ ಲವಂಗದ ವಾಸನೆಯ ನೀರಿದ್ದ ಹಸಿರು ಸೀಸೆಯ ಕುತ್ತಿಗೆ ಕಾಣುತ್ತಿತ್ತು. ಹಾಯ್ಟ್ ಕ್ಷೌರ ಮುಗಿಸಿದ ಮೇಲೆ ತನಗೆ ಬೇಕಾದವರ ಕತ್ತಿಗೆ ಎರಡು ಹನಿ ಹಚ್ಚುತ್ತಿದ್ದ. ಆ ವಾಸನೆ ಹೊತ್ತು ಬೀದಿಯಲ್ಲಿ ನಡೆಯುವುದೇ ಒಂದು ಮರ್ಯಾದೆ. ಕೋಯ್ ಸೀಸೆಯನ್ನು ನೋಡಿದ.

"ಅದು ಸ್ನೇಹಿತರಿಗೆ," ಎಂದು ಹಾಯ್ಟ್ ಚೀಲದ ಬಾಯಿ ಮುಚ್ಚಿದ.

ಕೋಯ್‌ನ ಕೋಟಿನ ಒಳಜೇಬಿನಲ್ಲಿ ಮಡಿಸಿದ ಹಳದಿ ಕಾಗದವಿತ್ತು. ಹೆಣಕ್ಕೆ ಕಟ್ಟಲು ಟೈ ಹುಡುಕುತ್ತಿದ್ದಾಗ ಅಪ್ಪನ ಮೇಜಿನ ಖಾನೆಯಲ್ಲಿ ಸಿಕ್ಕಿದ್ದು. ಈಗಲೇ ಕೊಟ್ಟುಬಿಡು, ಎಂದುಕೊಂಡ. ಕೈ ಮೇಲೇಳಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಊರಿನ ಟೆಲ್ಫೇರ್ ಕಾಲೇಜಿನ ಹೇಸರಗತ್ತೆಗಳು ಒಂದು ಆಟವನ್ನೂ ಸೋಲಲಿಲ್ಲ. ತಂಡದ ಹೆಸರೇ ಅದು, ಹೇಸರಗತ್ತೆ; ಊರಿಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಆದರೆ ಉತ್ತರದಲ್ಲಿ ಲೇಕ್‌ಲ್ಯಾಂಡ್ ಕಾಲೇಜೂ ಸೋತಿರಲಿಲ್ಲ. ಎರಡು ಹೋರಿ ಒಂದೇ ಅಂಗಳದಲ್ಲಿ ಗುದ್ದಾಡಿಯಾದರೂ ತೀರ್ಮಾನವಾಗುತ್ತದೆ. ಕಾಲೇಜು ಫುಟ್‌ಬಾಲಿನಲ್ಲಿ ಅದೂ ಇಲ್ಲ; ಆ ಎರಡು ತಂಡ ಎದುರುಬದುರು ಆಡಲೇ ಇಲ್ಲ. ಹೊಸವರ್ಷದ ಆಟಗಳು ಮುಗಿದ ಮೇಲೆ ದೇಶದ ಅರವತ್ತು ಪತ್ರಕರ್ತರು ಒಬ್ಬೊಬ್ಬರೂ ಇಪ್ಪತ್ತು ತಂಡಗಳ ಪಟ್ಟಿ ಕೊಡುತ್ತಾರೆ; ಒಂದನೆಯದಕ್ಕೆ ಇಪ್ಪತ್ತು ಅಂಕ, ಎರಡನೆಯದಕ್ಕೆ ಹತ್ತೊಂಬತ್ತು, ಹೀಗೆ. ಯಾರಿಗೆ ಹೆಚ್ಚು ಅಂಕವೋ ಅವರು ರಾಷ್ಟ್ರೀಯ ಚಾಂಪಿಯನ್. ತರಬೇತುದಾರರದು ಬೇರೆಯೇ ಪಟ್ಟಿ, ಬೇರೆಯೇ ಚಾಂಪಿಯನ್. ಅರವತ್ತರಲ್ಲಿ ಒಂದು ಓಟು ಹಾರ್ಲನ್ ಕ್ರೀಕಿನ ಪೇಪರಿನಲ್ಲಿ ಆಟದ ಪುಟ ಬರೆಯುತ್ತಿದ್ದ ಕೋಯ್‌ನ ಅಪ್ಪ ವರ್ಲನ್ ಟ್ಯಾಕೆಟ್‌ನದು. ಊರಿನ ಮೇಯರ್‌ಗೂ ಇಲ್ಲದ ಬೆಲೆ ಆ ಓಟಿಗಿತ್ತು.

ಕೋಯ್‌ಗೆ ಆಗ ಹದಿನೇಳು, ಶಾಲೆಯ ತಂಡದಲ್ಲಿ ಆಡುತ್ತಿದ್ದ. ಟೆಲ್ಫೇರಿನ ತರಬೇತುದಾರ ಅವರ ಮನೆಗೆ ಬಂದು, ಸೋಫಾ ಮೇಲೆ ಕೂತು, ಕಡುಬು ತಿಂದು, "ಮಗನೇ, ನಿನಗೆ ನಮ್ಮಲ್ಲಿ ಜಾಗ ಇದೆ," ಎಂದು ಕೈ ಕುಲುಕಿ ಹೋಗಿದ್ದ. ಸೆಪ್ಟೆಂಬರಿನಲ್ಲಿ ಕೋಯ್‌ನ ಮಂಡಿ ಮುರಿಯಿತು. ಊರುಗೋಲು ಊರಿಕೊಂಡು ಅವರ ಅಭ್ಯಾಸದ ಮೈದಾನಕ್ಕೆ ಹೋದ. ತರಬೇತುದಾರ ತಿರುಗಿ ನೋಡಿ ಕೇಳಿದ, "ನಿನ್ನ ಹೆಸರೇನಪ್ಪಾ?"

ಕೋಯ್ ಅದರ ಮಾರನೇ ವಾರ ಶಾಲೆ ಬಿಟ್ಟ.

ಜನವರಿ ಎರಡನೇ ತಾರೀಖು ಅಪ್ಪ ಜ್ವರದಲ್ಲಿ ಬಿದ್ದಿದ್ದ. ಮೈ ಕೆಂಡ, ಗಂಟಲಲ್ಲಿ ದನಿಯೇ ಇಲ್ಲ. ಮಧ್ಯಾಹ್ನದೊಳಗೆ ಪಟ್ಟಿಯನ್ನು ಓಟು ಎಣಿಸುವ ಕಚೇರಿಗೆ ಫೋನಿನಲ್ಲಿ ಓದಿ ಹೇಳಬೇಕಿತ್ತು. ಹಳದಿ ಕಾಗದದ ಮೇಲೆ ಹೇಗೋ ಗೀಚಿ ಮಗನ ಕೈಗೆ ಕೊಟ್ಟು, "ನಾನೇ ಅಂತ ಹೇಳ್ಕೊಂಡು ಓದಿಬಿಡು. ಕೆಳಗಿನಿಂದ ಮೇಲಕ್ಕೆ," ಎಂದು ಪಿಸುಗುಟ್ಟಿದ. ಇನ್ನೊಬ್ಬರ ಬಾಯಲ್ಲಿ ಓಟು ಹೇಳಿಸುವುದು ತಪ್ಪು. ಅಪ್ಪ ಮಾಡಿದ ತಪ್ಪು ಅದೊಂದೇ.

ಅಡುಗೆಮನೆಯ ಗೋಡೆಯ ಫೋನು. ಆ ಕಡೆ ಏನೋ ಜಗಿಯುತ್ತಿದ್ದ ಹೆಂಗಸಿನ ದನಿ. "ಹೇಳಿ, ಹಾರ್ಲನ್ ಕ್ರೀಕ್."

ಕೋಯ್ ಇಪ್ಪತ್ತರಿಂದ ಶುರು ಮಾಡಿದ. ಮೂರರವರೆಗೆ ಕಾಗದದಲ್ಲಿ ಇದ್ದದ್ದನ್ನೇ ಓದಿದ. ಹೊರಗೆ ಯಾರೋ ಕಾರಿನ ಹಾರ್ನ್ ಒತ್ತಿಹಿಡಿದು, "ನಾವೇ ನಂಬರ್ ವನ್!" ಎಂದು ಅರಚಿಕೊಂಡು ಹೋದರು.

"ಎರಡು?" ಎಂದಳು ಹೆಂಗಸು.

"ಎರಡು, ಟೆಲ್ಫೇರ್," ಎಂದ ಕೋಯ್. "ಒಂದು, ಲೇಕ್‌ಲ್ಯಾಂಡ್."

"ಅಯ್ಯೋ! ನಿಮ್ಮೂರಲ್ಲಿ ನಿಮ್ಮನ್ನ ಬದುಕೋಕೆ ಬಿಡ್ತಾರಾ?" ಎಂದು ನಕ್ಕು ಅವಳು ಫೋನಿಟ್ಟಳು.

ಪತ್ರಕರ್ತರ ಪಟ್ಟಿಯಲ್ಲಿ ಲೇಕ್‌ಲ್ಯಾಂಡ್ ಒಂದೇ ಒಂದು ಅಂಕದಿಂದ ಗೆದ್ದಿತು. ತರಬೇತುದಾರರ ಪಟ್ಟಿಯಲ್ಲಿ ಟೆಲ್ಫೇರ್ ಗೆದ್ದಿತು. ಟೆಲ್ಫೇರಿನವರು ಊರಿನ ನೀರಿನ ಟ್ಯಾಂಕಿನ ಮೇಲೆ 'ರಾಷ್ಟ್ರೀಯ ಚಾಂಪಿಯನ್ನರು' ಎಂದು ಬರೆಸಿದರು. ಲೇಕ್‌ಲ್ಯಾಂಡಿನವರ ಟ್ಯಾಂಕಿನ ಮೇಲೂ ಅದೇ ಬರೆದಿತ್ತಂತೆ. ಮಂಗಳವಾರದ ಪೇಪರಿನಲ್ಲಿ ಅರವತ್ತು ಹೆಸರು, ಯಾರ ಓಟು ಯಾರಿಗೆ ಎಂಬುದೆಲ್ಲ ಅಚ್ಚಾಯಿತು.

ಅಪ್ಪ ಜ್ವರ ಬಿಟ್ಟು ಅಡುಗೆಮನೆ ಮೇಜಿಗೆ ಬಂದು ಕೂತಿದ್ದ. ಪೇಪರ್ ನೋಡಿದ. ತಲೆಯೆತ್ತಿ ಮಗನನ್ನು ನೋಡಿದ. ಕೋಯ್ ಗೋಡೆಗೆ ಬೆನ್ನು ಕೊಟ್ಟು, ಹೊಡೆಯಲಿ, ಹೊಡೆದರೆ ಸಾಕು, ಎಂದು ಕಾದ.

"ಕಾಫಿ ತಣ್ಣಗಾಯ್ತು," ಎಂದ ಅಪ್ಪ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಪ್ಪ ಎದ್ದು ಹೋಗಿ ಎತ್ತಿಕೊಂಡ. ಹಾಯ್ಟ್. ಹಾಯ್ಟ್‌ನ ಮಗ ಡ್ವೈಟ್ ಆ ವರ್ಷದ ಟೆಲ್ಫೇರ್ ತಂಡದಲ್ಲಿ ಆಡಿದ್ದ. "ಹೌದು ಹಾಯ್ಟ್," ಎಂದ ಅಪ್ಪ. "ನನ್ನ ಓಟು. ಚೆನ್ನಾಗಿ ತಿಳ್ಕೊಂಡೇ ಹಾಕಿದ್ದು."

ಆ ಮಾತನ್ನು ಅವನು ಹನ್ನೊಂದು ವರ್ಷ ಬದಲಿಸಲಿಲ್ಲ. ಆಟದ ಪುಟ ಕಿತ್ತುಕೊಂಡರು. ಸಾವಿನ ಸುದ್ದಿ ಬರೆಯಲು ಕೂರಿಸಿದರು. ಮನೆಯ ಗೋಡೆಗೆ ಸೆಗಣಿ ಬಿತ್ತು. 'ಓಟಿನ ವರ್ಲನ್' ಎಂದು ಹೆಸರಾಯಿತು. ತನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದವರ ಸಾವನ್ನೂ ಅವನು ಒಂದು ತಪ್ಪಿಲ್ಲದೆ ಬರೆದ.

*

ಚರ್ಚಿನ ಹಿಂದಿನ ಕೋಣೆಯಲ್ಲಿ ಹದಿನೇಳು ಪಾತ್ರೆಗಳಿದ್ದವು. ಕರಿದ ಕೋಳಿ, ಆಲೂಗಡ್ಡೆ ಸಲಾಡು, ಮೊಟ್ಟೆ, ಮೂರು ಬಗೆಯ ಕೇಕು. ಪಾತ್ರೆ ವಾಪಸು ಬರಲೆಂದು ಪ್ರತಿಯೊಂದರ ತಳಕ್ಕೂ ಹೆಸರಿನ ಪಟ್ಟಿ ಅಂಟಿಸಿತ್ತು. ಸತ್ತವನ ಮೇಲೆ ಎಷ್ಟೇ ಸಿಟ್ಟಿರಲಿ, ಊಟ ಕಳಿಸದೆ ಇರುವುದು ಈ ಊರಿನ ಹೆಂಗಸರಿಗೆ ಗೊತ್ತಿಲ್ಲ. ಜನ ಮಾತ್ರ ಹದಿಮೂರು.

"ಹದಿನೇಳು ಪಾತ್ರೆ, ಹದಿಮೂರು ಮೂತಿ," ಎಂದಳು ಲುಡೆಲ್ ಅತ್ತೆ. "ಕೋಳಿಗೆ ಕಾಲಿದ್ದಿದ್ರೆ ಅದಾದ್ರೂ ಬಂದು ಒಳಗೆ ಕೂತಿರೋದು."

ಪೇಪರಿನ ಅಚ್ಚಿನ ಮನೆಯ ಪರ್ವಿಸ್ ಹಿಂದಿನ ಬೆಂಚಿನಲ್ಲಿ ಕಿವಿಗೆ ರೇಡಿಯೋದ ತಂತಿ ಸಿಕ್ಕಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಪ್ರುಯಿಟ್.

"ಏನಂತೆ?"

"ಶುರುವಾಗೋಕೆ ಇನ್ನೂ ಮೂರೂವರೆ ಗಂಟೆ ಇದೆ ಮಾರಾಯ. ಮಂಡಿ ನೋವಿರೋ ಹುಡುಗ ಆಡ್ತಾನಂತೆ."

"ಇವತ್ತು ಸೋತ್ರೆ?"

"ಸೋತ್ರೆ ಏನು, ಅದನ್ನೂ ವರ್ಲನ್ ತಲೆಗೇ ಕಟ್ತಾರೆ. ಪೆಟ್ಟಿಗೆ ಒಳಗೆ ಕೂತು ಓಟು ಹಾಕಿದ ಅಂತ."

"ಕಿವೀಲಿರೋದನ್ನ ಕಿತ್ತು ಜೇಬಿಗೆ ಹಾಕ್ಕೊ ಪರ್ವಿಸ್," ಎಂದಳು ಅತ್ತೆ ತಿರುಗದೆಯೇ. "ಇಲ್ಲಾಂದ್ರೆ ನಾನು ಕೀಳ್ತೀನಿ, ಕಿವಿ ಸಮೇತ."

ಪಾದ್ರಿ ಬ್ರದರ್ ವಿಕ್ ಗಡಿಯಾರ ನೋಡುತ್ತಲೇ ಮಾತಾಡಿದ. ವರ್ಲನ್ ತಪ್ಪದೆ ಚರ್ಚಿಗೆ ಬರುತ್ತಿದ್ದ, ಹೆಂಡತಿ ಹೋದ ಮೇಲೆ ಮಗನನ್ನು ಒಬ್ಬನೇ ಸಾಕಿದ. ಕೊನೆಗೆ ದೊಡ್ಡ ಮನಸ್ಸು ಮಾಡಿದವನ ಹಾಗೆ, "ಒಮ್ಮೆ ಅವನು ಮಾಡಿದ್ದು ನಮಗ್ಯಾರಿಗೂ ಸರಿ ಕಾಣಲಿಲ್ಲ. ಆದರೆ ಅದನ್ನು ಕ್ಷಮಿಸುವ ದಿನ ಇವತ್ತು," ಎಂದ.

ಕೋಯ್ ಎದ್ದು ನಿಂತ. ತಾನು ಎದ್ದದ್ದು ಅವನಿಗೂ ಆಮೇಲೆ ಗೊತ್ತಾಯಿತು. ಕಾಗದ ತೆಗೆದು ಬಿಡಿಸಿದ.

"ಇಪ್ಪತ್ತು, ಬ್ರಾಕ್ಸ್‌ಟನ್," ಎಂದ. "ಹತ್ತೊಂಬತ್ತು, ಮರ್ಸರ್‌ವಿಲ್. ಹದಿನೆಂಟು, ಈಸ್ಟ್ ಕೊವಿಂಗ್ಟನ್."

ಅತ್ತೆ ಕೋಟಿನ ತುದಿ ಹಿಡಿದೆಳೆದಳು. "ಕೋಯ್. ಮಗಾ. ಕೂತ್ಕೊ."

"ಹದಿನೇಳು, ಪೈನ್ ರಿಡ್ಜ್."

ಪ್ರುಯಿಟ್ ಕೈಗಡಿಯಾರ ತಟ್ಟಿ ತೋರಿಸಿದ. ಕೋಯ್ ಒಂದನ್ನೂ ಬಿಡದೆ ಓದಿದ. ಹತ್ತು ಬರುವಷ್ಟರಲ್ಲಿ ಗಂಡಸರಿಗೆ ಅದು ಯಾವ ವರ್ಷದ ಪಟ್ಟಿಯೆಂದು ತಿಳಿಯಿತು; ಹೆಂಡತಿಯರ ಹುಟ್ಟುಹಬ್ಬ ಮರೆತರೂ ಆ ಇಪ್ಪತ್ತು ಹೆಸರು ಅವರಿಗೆ ಬಾಯಿಪಾಠ. ಐದಕ್ಕೆ ಬಂದಾಗ ಪರ್ವಿಸ್ ಕಿವಿಯಿಂದ ತಂತಿ ತೆಗೆದ.

"ಎರಡು, ಲೇಕ್‌ಲ್ಯಾಂಡ್. ಒಂದು, ಟೆಲ್ಫೇರ್." ಕಾಗದವನ್ನು ತಿರುಗಿಸಿ ಅವರ ಕಡೆಗೆ ಹಿಡಿದ. "ಅಪ್ಪ ಬರೆದದ್ದು ಇದು. ಅವನಿಗೆ ಜ್ವರ ಇತ್ತು. ಫೋನ್ ಮಾಡಿದ್ದು ನಾನು. ತಿರುಗಿಸಿ ಹೇಳಿದ್ದೂ ನಾನೇ."

ಬ್ರದರ್ ವಿಕ್ ಬೈಬಲ್ ಮುಚ್ಚಿದ, ಮತ್ತೆ ತೆರೆದ. ಗೋಡೆಯ ಪಕ್ಕದಲ್ಲಿ ಒಬ್ಬನೇ ಕೂತಿದ್ದ ಹಾಯ್ಟ್ ಕೇಳಿದ, "ಅವನಿಗೆ ಗೊತ್ತಿತ್ತಾ?"

"ಪೇಪರ್ ನೋಡಿದಾಗ್ಲೇ. ನೀವು ಫೋನ್ ಮಾಡೋಕೂ ಮುಂಚೆ."

"ಏನಂದ?"

"ಕಾಫಿ ತಣ್ಣಗಾಯ್ತು ಅಂದ."

ಹಾಯ್ಟ್ ಕಾಲಬಳಿಯ ಚೀಲ ಹಿಡಿದು ಎದ್ದ. ಮುಂದೆ ಹೋಗಿ ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ, ಅಕ್ಷರ ನೋಡಿದ. ಮೂರನೇ ಕ್ಲಾಸಿನಿಂದ ನೋಡಿದ ಅಕ್ಷರ. ವಾಪಸು ಕೊಟ್ಟ. ತೆರೆದ ಪೆಟ್ಟಿಗೆಯ ಬಳಿ ನಿಂತು, ಚೀಲದಿಂದ ಹಸಿರು ಸೀಸೆ ತೆಗೆದು ಅಂಗೈಗೆ ಸುರಿದುಕೊಂಡ. ಎರಡು ಹನಿಯಲ್ಲ, ಅಂಗೈ ತುಂಬ. ಬಗ್ಗಿ, ಒಂದು ಕೈಯಿಂದ ಆ ತಲೆಯನ್ನು ಎತ್ತಿ, ಇನ್ನೊಂದರಿಂದ ಕತ್ತಿನ ಹಿಂದೆ ಹಚ್ಚಿದ. ಹಚ್ಚುತ್ತಲೇ ಇದ್ದ. ಲವಂಗದ ವಾಸನೆ ಕೊನೆಯ ಬೆಂಚಿನವರೆಗೂ ಹೋಯಿತು. ಪ್ರುಯಿಟ್ ಕೂಡ ಬೇಗ ಎನ್ನಲಿಲ್ಲ.

ವಾಪಸು ಬರುವಾಗ ಹಾಯ್ಟ್ ಕೋಯ್‌ನ ಪಕ್ಕ ನಿಂತ. ಮುಖ ನೋಡಲಿಲ್ಲ.

"ಇನ್ಮೇಲೆ ನೀನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ."

"ಆಯ್ತು, ಮಿಸ್ಟರ್ ಹಾಯ್ಟ್," ಎಂದ ಕೋಯ್.

*

ಸ್ಟೇಡಿಯಂ ರಸ್ತೆ ಮುಟ್ಟುವಾಗ ಹನ್ನೆರಡು ದಾಟಿ ಹತ್ತು ನಿಮಿಷವಾಗಿತ್ತು. ಮುಂದೆ ಹೆಣ ಹೊತ್ತ ಪ್ರುಯಿಟ್‌ನ ಕರಿ ಬಂಡಿ, ಹಿಂದೆ ದೀಪ ಹಚ್ಚಿದ ಐದು ಕಾರು. ಮೊದಲನೆಯದನ್ನು ಅತ್ತೆ ಓಡಿಸುತ್ತಿದ್ದಳು, ಪಕ್ಕದಲ್ಲಿ ಕೋಯ್. ಎದುರಿನಿಂದ ಆಟಕ್ಕೆ ಹೊರಟ ವಾಹನಗಳ ಹೊಳೆ. ಕಿಟಕಿ ಕಿಟಕಿಗೂ ಟೆಲ್ಫೇರಿನ ಕಡುಗೆಂಪು ಬಾವುಟ.

ಕರಿ ಬಂಡಿ ಕಂಡದ್ದೇ ಎದುರಿನ ಮೊದಲ ಕಾರು ಪಕ್ಕಕ್ಕೆ ಸರಿದು ನಿಂತಿತು. ಅದರ ಹಿಂದಿನದು. ಅದರ ಹಿಂದಿನದು. ಹೆಣ ಎದುರಾದರೆ ನಿಲ್ಲಬೇಕು. ಅದು ಯಾವ ಆಟಕ್ಕೂ ಮುರಿಯದ ಪದ್ಧತಿ. ಹಾರ್ನು, ಹಾಡು ಎಲ್ಲ ನಿಂತವು. ಗಂಡಸರು ಟೋಪಿ ತೆಗೆದರು.

"ಯಾರಿಗೂ ಗೊತ್ತಿಲ್ಲ," ಎಂದಳು ಅತ್ತೆ. "ಯಾರಿಗೆ ಟೋಪಿ ತೆಗೀತಿದ್ದೀವಿ ಅಂತ ಒಬ್ಬನಿಗೂ ಗೊತ್ತಿಲ್ಲ."

ಕವಲಿನಲ್ಲಿ ಬಂಡಿ ಒಂದು ಗಳಿಗೆ ನಿಲ್ಲಬೇಕಾಯಿತು. ಪಕ್ಕದಲ್ಲೇ ಒಬ್ಬ ದಪ್ಪನೆಯ ಮನುಷ್ಯ ಟ್ರಕ್ಕಿನಿಂದ ಇಳಿದು ನಿಂತಿದ್ದ. ಹೇಸರಗತ್ತೆಯ ಉದ್ದ ಕಿವಿಗಳಿದ್ದ ಬಟ್ಟೆಯ ಟೋಪಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದ. ಕೋಯ್ ಕಿಟಕಿ ಇಳಿಸಿದ.

"ದೇವರು ನಿಮಗೆ ಶಕ್ತಿ ಕೊಡಲಿ," ಎಂದ ಆ ಮನುಷ್ಯ. "ಯಾರು ಹೋಗಿದ್ದು?"

"ವರ್ಲನ್ ಟ್ಯಾಕೆಟ್."

"ಯಾರು, ಓಟಿನ ವರ್ಲನ್ನಾ?"

"ಅಲ್ಲ," ಎಂದ ಕೋಯ್. "ಆ ಓಟು ನಂದು. ಅವನು ನಮ್ಮಪ್ಪ."

ಬಂಡಿ ಹೊರಟಿತು. ಅತ್ತೆ ಕಾರನ್ನು ಮುಂದಕ್ಕೆ ಬಿಟ್ಟಳು. ಕೋಯ್ ಬದಿಯ ಕನ್ನಡಿಯಲ್ಲಿ ನೋಡಿದ. ಆ ಮನುಷ್ಯ ಅಲ್ಲೇ ನಿಂತಿದ್ದ. ಟೋಪಿ ಎದೆಯಿಂದ ಮೇಲೆದ್ದಿತ್ತು, ತಲೆಗಿನ್ನೂ ಹೋಗಿರಲಿಲ್ಲ. ಗಾಳಿಗೆ ಅದರ ಕಿವಿ ಎರಡೂ ಅವನ ಮುಖಕ್ಕೆ ಬಡಿಯುತ್ತಿದ್ದವು.