ಅಮ್ಮನ ದವಡೆ, ತಂಗಿಯ ಟ್ಯೂಬು

೧

ಎಲ್ಲಿಂದ ಶುರು ಮಾಡಲಿ? ಹೃದಯದಿಂದಲೋ, ದವಡೆಯಿಂದಲೋ? ಹೃದಯ ಅಂದರೆ ನೀವು ಇದನ್ನು ಪ್ರೇಮಕಥೆ ಅಂದುಕೊಳ್ಳುತ್ತೀರಿ. ಆಮೇಲೆ ಕೊಲೆಸ್ಟ್ರಾಲ್ ಬಂದಾಗ ನನಗೆ ಬೈಗುಳ ತಪ್ಪಿದ್ದಲ್ಲ. ದವಡೆಯಿಂದ ಶುರು ಮಾಡಿದರೆ ಹಲ್ಲಿನ ಡಾಕ್ಟರು ಮೊದಲ ಪುಟಕ್ಕೇ ಬಂದು ಕೂರುತ್ತಾರೆ.

(ಮೊದಲ ಡ್ರಾಫ್ಟು ‘ಹೆಣ್ಣೆಂದರೆ ಹೃದಯ’ ಎಂದು ಶುರುವಾಗಿತ್ತು. ತಂಗಿ ಓದಿ, “ಇದನ್ನ ಯಾವ ಸೋಪಿನ ಜಾಹೀರಾತಿಗೆ ಬರೆದೆ, ಅಕ್ಕಾ?” ಅಂದಳು. ಹರಿದು ಹಾಕಿದೆ.)

ಅಮ್ಮನಿಂದಲೇ ಶುರು ಮಾಡುತ್ತೇನೆ.

೨

ಅಮ್ಮ ಡ್ರೈವಿಂಗ್ ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿರುವ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, “ಹೆದರ್ಬೇಡ ಕಣೇ, ರಸ್ತೆ ಯಾರಪ್ಪನ ಮನೆ ಆಸ್ತೀನೂ ಅಲ್ಲ” ಅನ್ನುತ್ತಾಳೆ. ನಮ್ಮ ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಬಹಳಷ್ಟು ಮಂದಿ ಅವಳ ಶಿಷ್ಯೆಯರು. (ಇದು ಹೆಮ್ಮೆಯ ಮಾತು. ಈ ಕಥೆಯಲ್ಲಿ ಇಂಥವು ಇನ್ನೂ ಬರುತ್ತವೆ, ಸಹಿಸಿಕೊಳ್ಳಿ.)

ತಂಗಿ ವೈದ್ಯಕೀಯ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧಕಿ. ಅವಳ ಕೆಲಸವನ್ನು ಅಮ್ಮ ಸಿಗ್ನಲ್ಲಿನಲ್ಲಿ ಕಾರು ನಿಂತಾಗೆಲ್ಲ ಶಿಷ್ಯೆಯರಿಗೆ ವಿವರಿಸುತ್ತಿದ್ದಳು: “ನನ್ನ ಚಿಕ್ಕ ಮಗಳು ಹೆಂಗಸರ ಹೃದಯಕ್ಕೆ ಔಷಧ ಕಂಡುಹಿಡೀತಿದ್ದಾಳೆ.”

ತಂಗಿಯ ವಿವರಣೆ ಬೇರೆ. “ಕೊಲೆಸ್ಟ್ರಾಲ್ ಇರೋದಷ್ಟೇ ತೊಂದರೆ ಅಲ್ಲ ಅಕ್ಕಾ, ಅದು ಕೆಡೋದು. ಹಳೇ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯಲ್ವಾ, ಹಾಗೆ. ಕೆಟ್ಟಿದ್ದು ರಕ್ತನಾಳದ ಗೋಡೆಯೊಳಗೆ ಸೇರ್ಕೊಂಡು ಗಂಟು ಕಟ್ಟುತ್ತೆ.” ಅವಳು ರಕ್ತದಿಂದ ಆ ಕೊಲೆಸ್ಟ್ರಾಲ್ ಕಣಗಳನ್ನು ಬೇರ್ಪಡಿಸಿ, ಟ್ಯೂಬಿಗೆ ಹಾಕಿ, ಬೇಕೆಂದೇ ಒಂದಿಷ್ಟು ತಾಮ್ರದ ಲವಣ ಸೇರಿಸಿ ಕೆಡಿಸುತ್ತಾಳೆ. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಬೆರೆಸಿದ ಟ್ಯೂಬಿನಲ್ಲಿ ಕೆಡುವುದು ತಡವಾಗುತ್ತದೆ. ಮುಟ್ಟು ನಿಂತ ಮೇಲೆ ಮೈಯಲ್ಲಿ ಈಸ್ಟ್ರೋಜನ್ ಇಳಿದುಹೋಗುತ್ತದೆ. ಆಮೇಲೆ ಹೆಂಗಸರಿಗೆ ಹೃದ್ರೋಗ ಹೆಚ್ಚುವುದಕ್ಕೆ ಇದೂ ಒಂದು ಕಾರಣ ಇರಬಹುದು.

(ತಂಗಿ ಇಲ್ಲಿ ಪೆನ್ನು ಕಿತ್ತುಕೊಂಡು ‘ಕಾರಣ’ದ ಮುಂದೆ ‘ಇರಬಹುದು’ ಎಂದು ಸೇರಿಸಿದ್ದಾಳೆ. ಅವಳ ಬದುಕೆಲ್ಲ ಈ ‘ಇರಬಹುದು’ವಿನ ಮೇಲೆ ನಿಂತಿದೆ. ನನ್ನ ವಾಕ್ಯ ಕುಂಟಿದರೂ ಅವಳಿಗೆ ಚಿಂತೆಯಿಲ್ಲ.)

೩

ಅಮ್ಮನಿಗೆ ದವಡೆ ನೋವು ಶುರುವಾಯಿತು. ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತುವಾಗ ಎಡದವಡೆ ಹಿಂಡಿದಂತಾಗುತ್ತಿತ್ತು. ಕುರ್ಚಿಯಲ್ಲಿ ಕೂತರೆ ಇಳಿಯುತ್ತಿತ್ತು. ಹುಳುಕು ಹಲ್ಲಿರಬೇಕೆಂದು ಲವಂಗದೆಣ್ಣೆ ಒತ್ತಿಕೊಂಡಳು. ಯಾವಾಗಲೂ ಸುಸ್ತು, ಅದಕ್ಕೆ ವಯಸ್ಸಿನ ಮೇಲೆ ತಪ್ಪು ಹೊರಿಸಿದಳು. ಕಡೆಗೆ ಹಲ್ಲು ಕೀಳಿಸಿಬಿಡೋಣ ಎಂದು ಹೊರಟಳು.

ಹಲ್ಲಿನ ಡಾಕ್ಟರಮ್ಮ ಒಂದೊಂದೇ ಹಲ್ಲನ್ನು ತಟ್ಟಿ ನೋಡಿದರು.

“ಹಲ್ಲು ಕಲ್ಲಿನ ಹಾಗಿದೆ. ನೋವು ಯಾವಾಗ ಬರುತ್ತೆ?”

“ಮೆಟ್ಟಿಲು ಹತ್ತುವಾಗ.”

“ಕೂತ್ರೆ?”

“ಹೋಗುತ್ತೆ.”

ಡಾಕ್ಟರಮ್ಮ ಕೈಗವಸು ಬಿಚ್ಚಿದರು. “ಹಲ್ಲಿಗೆ ಮೆಟ್ಟಿಲು ಗೊತ್ತಾಗಲ್ಲಮ್ಮಾ. ಏಳಿ, ಹಾರ್ಟ್ ಡಾಕ್ಟರ ಹತ್ರ ಹೋಗೋಣ.”

ಕ್ಲಿನಿಕ್ಕಿಗೆ ಬೀಗ ಹಾಕಿ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅಮ್ಮ ನೋಡಿದ್ದು ಅವರ ಕಾಲನ್ನು. ಆಸ್ಪತ್ರೆಗೆ ಓಡಿಬಂದ ನಮಗೆ ಅವಳು ಹೇಳಿದ ಮೊದಲ ಮಾತು: “ಒಳ್ಳೆ ಹೆಂಗಸು ಕಣ್ರೇ, ಆದ್ರೆ ಕ್ಲಚ್ ಮೇಲಿನ ಕಾಲೇ ತೆಗೆಯಲ್ಲ.”

೪

ಇಲ್ಲಿ ನಾನೊಂದು ಜಬರ್ದಸ್ತ್ ದೃಶ್ಯ ಬರೆದಿದ್ದೆ. ಅಮ್ಮ ನಡುರಸ್ತೆಯಲ್ಲಿ ಎದೆ ಹಿಡಿದು ಕುಸಿಯುತ್ತಾಳೆ, ಸ್ಟಿಯರಿಂಗ್ ಹಿಡಿದ ಶಿಷ್ಯೆ ಚೀರುತ್ತಾಳೆ, ಆಂಬುಲೆನ್ಸ್ ಕೂಗುತ್ತದೆ.

“ನಾನ್ಯಾವಾಗ ಬಿದ್ದೆ?” ಅಂದಳು ಅಮ್ಮ. “ನಡ್ಕೊಂಡೇ ಹೋದೆ. ಬಿದ್ದೆ ಅಂತ ಬರೆದ್ರೆ ನಾಳೆ ನನ್ನ ಹತ್ರ ಕಲಿಯೋಕೆ ಯಾರು ಬರ್ತಾರೆ?”

“ಕಥೆಗೆ ಬೇಕಮ್ಮಾ.”

“ಕಥೆಗೆ ಬೇಕಿದ್ರೆ ನೀನೇ ಬೀಳು.”

ದೃಶ್ಯ ರದ್ದು. ನಡೆದದ್ದು ಇಷ್ಟು: ಹೃದಯದ ದೊಡ್ಡ ರಕ್ತನಾಳವೊಂದು ಮುಚ್ಚಿಹೋಗುವುದರಲ್ಲಿತ್ತು. ಅದರೊಳಗೆ ಸ್ಟೆಂಟ್ ಹಾಕಿದರು. ಅಮ್ಮ ಉಳಿದಳು.

೫

ವಾರ್ಡಿನಲ್ಲಿ ನಾನು ಕಿತ್ತಳೆ ಸುಲಿಯುತ್ತಿದ್ದೆ. ಅಮ್ಮ ತಂಗಿಯ ಕೈ ಹಿಡಿದು, “ನಿನ್ನ ಟ್ಯೂಬಿನ ಔಷಧ ನನಗೂ ಕೊಡೇ” ಅಂದಳು.

ತಂಗಿ ಮಂಚದ ಅಂಚಿಗೆ ಕೂತಳು.

“ಕೊಡೋ ಹಾಗಿಲ್ಲಮ್ಮ.”

“ಯಾಕೆ, ಅದು ಕೆಲಸ ಮಾಡಲ್ವಾ?”

“ಟ್ಯೂಬಲ್ಲಿ ಮಾಡುತ್ತೆ. ಆದ್ರೆ ನಾನು ಅದಕ್ಕೆ ಹಾಕೋ ಈಸ್ಟ್ರೋಜನ್ ಮೈಯಲ್ಲಿರೋದಕ್ಕಿಂತ ಎಷ್ಟೋ ಜಾಸ್ತಿ. ನಿನ್ನ ವಯಸ್ಸಲ್ಲಿ, ಆಗಲೇ ಗಂಟು ಕಟ್ಟಿರೋ ರಕ್ತನಾಳಕ್ಕೆ, ಹೊಸದಾಗಿ ಈಸ್ಟ್ರೋಜನ್ ಮಾತ್ರೆ ಕೊಟ್ರೆ ಹೃದಯ ಉಳಿಯುತ್ತೆ ಅಂತಿಲ್ಲ. ರಕ್ತ ಹೆಪ್ಪುಗಟ್ಟೋ ಅಪಾಯ ಬೇರೆ.”

“ಹಾಗಾದ್ರೆ ಇಷ್ಟು ವರ್ಷ ಮಾಡಿದ್ದೇನು?”

“ಯಾಕೆ ಕೆಡುತ್ತೆ ಅಂತ ಹುಡುಕಿದ್ದು. ಔಷಧ ಅಂತ ನಾನು ಯಾವತ್ತೂ ಹೇಳಿಲ್ಲ. ಹೇಳಿದ್ದು ನೀನು.”

ಅಮ್ಮ ಗೋಡೆ ಕಡೆ ತಿರುಗಿದಳು. ಊರಿಗೆಲ್ಲ ಸಾರಿಕೊಂಡು ಬಂದ ಮಾತು ಅವಳೆದುರೇ ಮುರಿದುಬಿದ್ದಿತ್ತು. ತಂಗಿಯ ಕಣ್ಣು ತುಂಬಿತ್ತು. ಆದರೂ ಆಡಿದ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ. ಏನಾದರೂ ಹೇಳಿ ಸಮಾಧಾನ ಮಾಡೇ ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ಆಗಲ್ಲ ಎಂದು ತಲೆಯಾಡಿಸಿದಳು.

ಅಮ್ಮನೇ ಇತ್ತ ತಿರುಗಿದಳು. “ಮುಂದಿನ ತಿಂಗಳು ನಿನ್ನ ಭಾಷಣ ಇದೆಯಲ್ಲ. ಅಲ್ಲೂ ಇದನ್ನೇ ಹೇಳ್ತೀಯಾ?”

ಆ ಭಾಷಣಕ್ಕೆ ವಿಭಾಗದ ಮುಖ್ಯಸ್ಥರು ಆಗಲೇ ಪೋಸ್ಟರ್ ಅಂಟಿಸಿದ್ದರು: ‘ಹೆಣ್ಣಿನ ಹೃದಯಕ್ಕೆ ಈಸ್ಟ್ರೋಜನ್ ಕವಚ’. ಹೊಸದಾಗಿ ತೆರೆಯುವ ಮಹಿಳಾ ಹೃದಯ ಕೇಂದ್ರದ ಹೊಣೆ ತಂಗಿಯದೇ ಎಂದು ಬಾಯ್ಮಾತಿನಲ್ಲಿ ಹೇಳಿಯೂ ಆಗಿತ್ತು.

“ಹೇಳ್ಲೇಬೇಕು.”

“ನಿಮ್ಮ ಮೇಲಿನವರು?”

“ಮುನಿಸ್ಕೋತಾರೆ.”

“ಮುನಿಸ್ಕೊಳ್ಳಲಿ. ಹೆತ್ತ ತಾಯಿಗೆ ಇಲ್ಲ ಅಂದವಳು ಅವರಿಗೆ ಹೂಂ ಅಂದ್ರೆ ನಾನು ಸುಮ್ನಿರಲ್ಲ,” ಎಂದು ಕಿತ್ತಳೆಗೆ ಕೈ ಚಾಚಿದಳು.

(ಈ ಜಾಗಕ್ಕೆ ಒಂದು ಒಳ್ಳೆಯ ಉಪಮೆ ಹುಡುಕಿ ಸೋತೆ. ಅವರಿಬ್ಬರ ನಡುವೆ ಕೂತಿದ್ದೆ, ಎದೆ ಉಬ್ಬಿತ್ತು. ಅಷ್ಟೇ.)

೬

ಸಭಾಂಗಣ ಊರಿನ ಹೆಂಗಸರಿಂದ ತುಂಬಿತ್ತು. ತಂಗಿ ಮೊದಲು ತನ್ನ ಚೆಂದದ ಗ್ರಾಫ್ ತೋರಿಸಿದಳು. “ಇದು ಟ್ಯೂಬು,” ಅಂದಳು. “ನೀವು ಟ್ಯೂಬಲ್ಲ.” ಹೆಂಗಸರು ನಕ್ಕರು. ಬಳಿಕ ಅಮ್ಮನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದಳು. ಮುಟ್ಟು ನಿಲ್ಲುವಾಗ ಮೈ ಬಿಸಿಯೇರುವ ತೊಂದರೆಗೆಂದು ಈ ಮಾತ್ರೆ ತೆಗೆದುಕೊಳ್ಳುವುದು ಬೇರೆ ವಿಷಯ, ಅದನ್ನು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ; ಹೃದಯ ಕಾಯುತ್ತದೆಂದು ಮಾತ್ರ ನುಂಗಬೇಡಿ ಅಂದಳು. ಮುಂದಿನ ಸಾಲಿನಲ್ಲಿ ಮುಖ್ಯಸ್ಥರ ಮುಖ ಹುಳಿ ತಿಂದಂತಾಯಿತು.

“ಮತ್ತೆ ನಾವೇನು ಮಾಡ್ಬೇಕು?” ಎಂದು ಒಬ್ಬರು ಕೇಳಿದರು.

“ಬಿಪಿ, ಶುಗರು, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ನಡೀರಿ. ಸಿಗರೇಟಿದ್ರೆ ಬಿಡಿ. ಮತ್ತೆ ನಿಮ್ಮ ನೋವನ್ನ ನಂಬಿ.”

ಆಗ ಅಮ್ಮ ಎದ್ದು ನಿಂತಳು. “ನನಗೆ ಎದೆ ನೋಯಲೇ ಇಲ್ಲ. ದವಡೆ ನೋಯ್ತಿತ್ತು,” ಎಂದು ಶುರು ಮಾಡಿದಳು. ಮೈಕು ಬೇಕಾಗಲಿಲ್ಲ. ಕೊನೆಗೆ ತಂಗಿಯ ಕಡೆ ಕೈ ತೋರಿಸಿ, “ಅವಳು ನನ್ನ ಮಗಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾಳೆ,” ಅಂದಳು.

೭

ಅಂತ್ಯ ಒಂದು: ಮುಖ್ಯಸ್ಥರು ಎದ್ದು ಚಪ್ಪಾಳೆ ತಟ್ಟಿದರು. (ಸುಳ್ಳು. ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಹೃದಯ ಕೇಂದ್ರ ಬೇರೆಯವರ ಪಾಲಾಯಿತು.)

ಅಂತ್ಯ ಎರಡು: ತಂಗಿ ನಿಜವಾದ ಔಷಧ ಕಂಡುಹಿಡಿದಳು. (“ಅಕ್ಕಾ, ಇದನ್ನ ಬರೆದ್ರೆ ನಿನ್ನ ಜೊತೆ ಮಾತು ಬಿಡ್ತೀನಿ.”)

ಅಂತ್ಯ ಮೂರು: ಅಮ್ಮ ಪೂರ್ತಿ ಗುಣವಾದಳು. (ಇಬ್ಬರೂ ಒಟ್ಟಿಗೆ: “ಯಾರು ಹೇಳಿದ್ದು?”)

ಹಾಗಾದರೆ ಕಂಡದ್ದನ್ನೇ ಬರೆಯುತ್ತೇನೆ. ಭಾಷಣ ಮುಗಿದರೂ ಹೆಂಗಸರು ಮನೆಗೆ ಹೋಗಲಿಲ್ಲ. ಅಮ್ಮನ ಸುತ್ತ ನೆರೆದು, ಹೇಗೆ ನೋಯುತ್ತಿತ್ತು, ಬೆವರು ಬರುತ್ತಿತ್ತಾ ಎಂದು ಕೇಳತೊಡಗಿದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದುಹೋಯಿತು. ಸಭಾಂಗಣ ನೋಡಿಕೊಳ್ಳುವವನು ಬೀಗದ ಕೈ ಕುಲುಕುತ್ತ ಬಂದು, “ಮುಗೀತಾ ಅಮ್ಮಾ?” ಅಂದ.

“ಇರಪ್ಪಾ, ಇವರದ್ದಿನ್ನೂ ಕೇಳಿಲ್ಲ,” ಅಂದಳು ಅಮ್ಮ.

ಅಷ್ಟು ಹೊತ್ತೂ ಹಿಂದೆ ನಿಂತಿದ್ದ, ದರ್ಜಿ ಕೆಲಸದವಳಂತೆ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡಿದ್ದ ಹೆಂಗಸೊಬ್ಬಳು ಮುಂದೆ ಬಂದಳು. “ನನಗೆ ದವಡೆಯಲ್ಲ. ಬೆನ್ನು. ನೀರಿನ ಬಕೆಟ್ ಎತ್ತಿದ್ರೆ ಬರುತ್ತೆ. ಮನೇಲಿ ಹೇಳಿದ್ರೆ ಗ್ಯಾಸು ಅಂತಾರೆ.”

ತಂಗಿ ಕುರ್ಚಿಯೊಂದನ್ನು ಎಳೆದು ಅವಳನ್ನು ಕೂರಿಸಿದಳು. ಅಮ್ಮ ಇನ್ನೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಯಾವಾಗಿಂದ?” ಎಂದರು ಇಬ್ಬರೂ.