ಹಾಲ್ವರ್ ಕಚ್ಚಿದ ಕಲ್ಲು

ಸೀಮೆಎಣ್ಣೆಯ ವಾಸನೆ, ಇಲ್ಲ, ಅದಕ್ಕಿಂತ ಹಳೆಯದೇನೋ, ಕುಟ್ಟಾಣಿಯಲ್ಲಿ ಕಪ್ಪು ಕಲ್ಲಿನ ಚೂರು ಚಟ್ಟೆಂದು ಒಡೆದಾಗಲೆಲ್ಲ ಮೂಗಿಗೆ ಬಡಿದು ಹೋಗುತ್ತದೆ, ವರ್ನೆಲ್ ಕೈ ನಿಲ್ಲಿಸದೆ ಕುಟ್ಟುತ್ತಾಳೆ — ನೂರು ಕೋಟಿ ವರ್ಷ ಈ ವಾಸನೆ ಯಾರಿಗಾಗಿ ಕಾದಿತ್ತೋ, ಬದಿಗಿಟ್ಟ ತುಂಡಿನ ಅಂಚಿನಲ್ಲಿ ಅದೇನು ಕಚ್ಚು, ಕಿಟಕಿಯಾಚೆ ವಯೋಮಿಂಗಿನ ತುಟಿ ಸೀಳುವ ಗಾಳಿ, ಇಂಥದೇ ಗಾಳಿಯಲ್ಲಿ ಅಮ್ಮ ಪೆಟ್ರೋಲ್ ಬಂಕಿನ ಕೊಳವೆ ಹಿಡಿದು ನಿಂತಿದ್ದಳು, ಬಾರೇ, ಕಾರಿಗೆ ಡೈನೊಸಾರ್ ಕುಡಿಸೋಣ, ಪೆಟ್ರೋಲ್ ಆಗೋದು ಡೈನೊಸಾರ್ ಅಲ್ಲಮ್ಮ, ಪಾಚಿ, ನೀರಿನ ಮೇಲೆ ಹಸಿರಾಗಿ ಕಟ್ಕೊಳ್ಳುತ್ತಲ್ಲ, ಅದು ಸತ್ತು ಕೆಸರಿಗೆ ಇಳಿದು, ಕೆಸರು ಕಲ್ಲಾಗಿ, ಕಲ್ಲು ಒಳಗೇ ಬೆಂದು, ಥೂ, ಪಾಚಿಗೆ ಇಷ್ಟೊಂದು ರೇಟಾ! — ನಕ್ಕಿದ್ದಳು ಅಮ್ಮ, ಆದರೆ ವರ್ನೆಲ್‌ಗೆ ಅವತ್ತಿನಿಂದ ಇವತ್ತಿನವರೆಗೂ ಅದೇ ಹುಳ, ಯಾವ ಪಾಚಿ, ಯಾವ ಸಮುದ್ರದ್ದು, ಯಾವ ಬೆಳಗಿನ ಬಿಸಿಲು ಕುಡಿದು ಮುಳುಗಿತು, ಈ ಕಲ್ಲಿನಲ್ಲಿ ಸಿಕ್ಕಿದೆ ಎನ್ನುತ್ತಾರೆ ಪ್ರಯೋಗಾಲಯದ ಹಿರಿಯ ಹಾಲ್ವರ್, ಎಣ್ಣೆಯ ಜಾತಿ ಹೇಳುವ ಯಂತ್ರ ಬರೆದ ಗೆರೆಯಲ್ಲಿ ಶಿಖರದ ಮೇಲೆ ಶಿಖರ, ಇಷ್ಟು ಹಳೆಯ ಕಲ್ಲಿನಲ್ಲಿ ಯಾರೂ ಕಂಡಿರದ ಪಾಚಿಯ ಎಣ್ಣೆ, ಶುಕ್ರವಾರ ಎಲ್ಲರೆದುರು ಹೇಳಿ ಅವರು ನಿವೃತ್ತರಾಗುತ್ತಾರೆ, ಅದೇ ಕಲ್ಲಿಂದ ಇನ್ನೊಂದ್ಸಲ ಎಣ್ಣೆ ತೆಗೆದುಬಿಡು ವರ್ನೆಲ್, ಎಲ್ರ ಬಾಯಿ ಮುಚ್ಚಲಿ — ಬದಿಗಿಟ್ಟಿದ್ದ ತುಂಡು ಎತ್ತಿಕೊಂಡರೆ ಮತ್ತೆ ಆ ಕಚ್ಚು, ಅಂಚಿನಲ್ಲಿ ಎರಡು ಹಲ್ಲಿನ ಗುರುತು, ಅಯ್ಯೋ, ಅವರ ಚಾಳಿ, ಕಲ್ಲು ಓದುವವರೆಲ್ಲರ ಚಾಳಿ, ಕಚ್ಚಿ ನೋಡುವುದು, ಹಲ್ಲಿಗೆ ಕರಕರ ಎಂದರೆ ಮರಳು, ನುಣ್ಣಗೆ ಜಾರಿದರೆ ಜೇಡಿ, ಹಾಲ್ವರ್, ಅದು ತಿಂಡಿ ಅಲ್ಲ ಎಂದು ಅವಳೇ ರೇಗಿಸಿದ್ದಳು, ಅಡುಗೆಗೆ ಮುಂಚೆ ಉಪ್ಪು ನೋಡ್ಬೇಡ್ವೇನಮ್ಮ, ನಗುವಾಗ ತುಟಿ ಮಿರಮಿರ ಹೊಳೆದಿತ್ತು — ತುಟಿ, ಈ ಗಾಳಿಗೆ ಹಗಲಿಡೀ ಡಬ್ಬಿಯಿಂದ ಬಳಿದುಕೊಳ್ಳುವ ಮುಲಾಮು, ಮುಲಾಮೂ ಎಣ್ಣೆಬಾವಿಯಿಂದಲೇ ಬಂದದ್ದು, ಅದೂ ಪಾಚಿಯೇ, ಬೇರೆ ಯಾವುದೋ ಸಮುದ್ರದ ತೀರಾ ಎಳೆಯ ಪಾಚಿ, ಹಾಗಾದರೆ ಆ ಶಿಖರಗಳು ಯಾರವು, ಕಲ್ಲಿನವೋ, ತುಟಿಯವೋ, ಶುಕ್ರವಾರ ಕಳೆದ ಮೇಲೆ ಬೇರೆ ಯಾರಾದರೂ ಕೇಳಿದರೆ ಅವರ ಇಡೀ ಆಯುಷ್ಯ ನಗೆಪಾಟಲು — ಆಯ್ತೇನಮ್ಮಾ, ಬಾಗಿಲಲ್ಲಿ ಅವರೇ, ಗಡ್ಡದೊಳಗೆ ತುಟಿ ಹೊಳೆಯುತ್ತಿದೆ, ಇನ್ನೂ ಇಲ್ಲ ಹಾಲ್ವರ್, ಹೋಗಿ ಕಾಫಿ ಕುಡಿದು ಬನ್ನಿ — ಹೋದರು, ಅವರ ಡಬ್ಬಿ ಮೇಜಿನ ಮೇಲೇ ಇದೆ, ಕುಟ್ಟಿದ್ದನ್ನೆಲ್ಲ ಚೆಲ್ಲಿ ಕುಟ್ಟಾಣಿ ತೊಳೆಯಬೇಕು, ಕಲ್ಲಿನ ನಟ್ಟನಡುವಿನಿಂದ ಕೊಯ್ಯಬೇಕು, ಹಲ್ಲೂ ಬೆರಳೂ ತಾಗದ ಕಡೆಯಿಂದ, ಅದೊಂದು ಶೀಶೆ, ಡಬ್ಬಿಯ ಮುಲಾಮು ಚೂರೇ ಚೂರು, ಅದಕ್ಕೊಂದು ಶೀಶೆ, ಎರಡೂ ಇವತ್ತೇ ಯಂತ್ರಕ್ಕೆ, ಯಾರಿಗೂ ಹೇಳುವುದಿಲ್ಲ, ಅವರಿಗೂ, ಆ ಶಿಖರಗಳು ಯಾವ ಶೀಶೆಯವೆಂದು ಗೆರೆ ತಾನಾಗಿ ಹೇಳುವ ತನಕ — ಕಲ್ಲೇ ಗೆಲ್ಲಲಿ ಎನ್ನಿಸುತ್ತದೆ, ಆದರೂ ತಿಳಿಯಲೇಬೇಕು, ನಲ್ಲಿ ತಿರುಗಿಸುತ್ತಾಳೆ, ಕಪ್ಪು ನೀರು ಇಳಿದು ಹೋಗುತ್ತದೆ, ಬದಿಗಿಟ್ಟ ತುಂಡು, ಅದರ ಅಂಚು, ಎರಡು ಹಲ್ಲಿನ ಗುರುತು.