ದಾನೇಶ್ವರಿಯ ಎಡಗೈಯಲ್ಲಿ

ನಾನು ಒಂದು ಬೇಸ್‌ಬಾಲ್ ಗ್ಲೌಸು. ಒಂಟಿ ಗ್ಲೌಸು. ಮೊದಲ ಸಲ ನೋಡಿದವರೆಲ್ಲ 'ಇದರ ಜೋಡಿ ಎಲ್ಲಿ?' ಎಂದು ಕೇಳುತ್ತಾರೆ. ನನಗೆ ಜೋಡಿ ಹುಟ್ಟಲೇ ಇಲ್ಲ. ನಾನು ಎಡಗೈಗೆ ಮಾತ್ರ. ಬಲಗೈ ಬರಿದಾಗಿರಬೇಕು, ಅದು ಚೆಂಡು ಎಸೆಯುವ ಕೈ.

ಹುಟ್ಟಿದ್ದು ಜಲಂಧರದ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ. ಅದಕ್ಕೂ ಮೊದಲು ನಾನು ಎಲ್ಲೋ ಒಂದು ಹೊಂಡದಲ್ಲಿ ಕತ್ತಿನವರೆಗೆ ಮುಳುಗಿ ನಿಂತಿದ್ದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನೀರಿನ ಮೇಲೆ ಬಿಸಿಲು ಅಲುಗುತ್ತಿತ್ತು, ಬೆನ್ನ ಮೇಲೆ ಒಂದು ಹಕ್ಕಿ ಕೂತಿತ್ತು. ಅದು ನೆನಪೋ, ನಾನು ತೊಗಲಾಗುವ ಮೊದಲು ನನ್ನನ್ನು ಮೈಮೇಲೆ ಹೊತ್ತಿದ್ದ ಎಮ್ಮೆ ಕಂಡ ಕನಸೋ, ಹೇಳಲಾರೆ. ಗಲ್ಲಿಯಲ್ಲಿ ಒಬ್ಬ ಹೆಂಗಸು ನನ್ನನ್ನು ಕತ್ತರಿಸಿ, ಹೊಲಿದು, ಬೆರಳಿನಿಂದ ಬೆರಳಿಗೆ ತೊಗಲಿನ ದಾರ ಪೋಣಿಸಿದಳು. ಮರದ ಸುತ್ತಿಗೆಯಿಂದ ನನ್ನ ಅಂಗೈಗೆ ಹೊಡೆದೂ ಹೊಡೆದೂ ಗುಳಿ ಮಾಡಿದಳು. ಚೆಂಡು ಬಂದು ಕೂರುವ ಜಾಗ ಅದು. ಏಟು ತಿನ್ನುತ್ತಲೇ ನಾನು ಆಕಾರಕ್ಕೆ ಬಂದೆ.

ನನ್ನನ್ನು ಕೊಂಡು ತಂದವರು ಗದಗಿನ ಕಾಲೇಜೊಂದರಲ್ಲಿ ಆಟ ಕಲಿಸುತ್ತಿದ್ದ ನದಾಫ್ ಸರ್. ಪಂಜಾಬಿನಲ್ಲಿ ನಡೆದ ಪಂದ್ಯಾವಳಿಗೆ ಊರ ಹುಡುಗಿಯರ ತಂಡವನ್ನು ಕರೆದುಕೊಂಡು ಹೋಗಿದ್ದರು. ರೈಲಿನ ಕಿಟಕಿಯ ಪಕ್ಕ ಅವರ ತೊಡೆಯ ಮೇಲೆ ಕೂತು ನಾನು ಗೋಧಿ ಹೊಲಗಳನ್ನು ದಾಟಿ, ಕಲ್ಲುಗುಡ್ಡಗಳನ್ನು ದಾಟಿ, ಕೊನೆಗೆ ಕರಿನೆಲದ ಸೀಮೆಗೆ ಬಂದೆ. ಮೈದಾನದ ಬೇಲಿಗೆ ಆತು ನಿಂತ ಮುದುಕರೊಬ್ಬರು ನನ್ನನ್ನು ನೋಡಿ, "ಇದೇನ್ರಿ ಸರ, ಕುಸ್ತಿ ಆಡಿ ಬಾತ ಕೈ ಇದ್ದಂಗ ಐತಿ?" ಎಂದರು.

ಸರ್ ನನ್ನನ್ನು ತಂದದ್ದು ಒಬ್ಬಳಿಗಾಗಿಯೇ. ಅವಳ ಹೆಸರು ದಾನೇಶ್ವರಿ, ಎಲ್ಲರ ಬಾಯಲ್ಲಿ ದಾನಿ. ಬೆಟಗೇರಿಯ ಗೌಂಡಿ ಈರಪ್ಪನ ಮಗಳು. ನದಾಫ್ ಸರ್ ತಮ್ಮ ಮನೆಯ ಮೇಲೆ ಮಾಳಿಗೆ ಕಟ್ಟಿಸುವಾಗ ಈರಪ್ಪ ಮೇಲೆ ನಿಂತು ಗೋಡೆ ಏರಿಸುತ್ತಿದ್ದ, ರಜೆಯಲ್ಲಿ ಅಪ್ಪನ ಜೊತೆ ಬಂದ ದಾನಿ ಕೆಳಗಿನಿಂದ ಇಟ್ಟಿಗೆ ಒಗೆಯುತ್ತಿದ್ದಳು. ಒಂದೊಂದು ಇಟ್ಟಿಗೆಯೂ ಅಪ್ಪನ ಅಂಗೈ ಹುಡುಕಿಕೊಂಡು ಹೋದಂತೆ ಹೋಗುತ್ತಿತ್ತು. ಸರ್ ಚಹಾ ಕುಡಿಯುವುದನ್ನೂ ಮರೆತು ನೋಡಿದರಂತೆ. ಮರುವಾರ ಅವಳು ಮೈದಾನದಲ್ಲಿದ್ದಳು.

ಈ ಆಟದಲ್ಲಿ ನಟ್ಟನಡುವಿನ ಮಣ್ಣ ದಿಬ್ಬದ ಮೇಲೆ ಒಬ್ಬಳು ನಿಲ್ಲುತ್ತಾಳೆ, ಅವಳಿಗೆ ಪಿಚರ್ ಎನ್ನುತ್ತಾರೆ. ಎದುರು ದುಂಡು ಕೋಲು ಹಿಡಿದು ನಿಂತವಳಿಗೆ ಚೆಂಡು ಸಿಗದಂತೆ ಎಸೆಯುವುದು ಅವಳ ಕೆಲಸ. ಎಸೆಯುವ ಮುನ್ನ ಅವಳು ಬಲಗೈಯನ್ನು ಚೆಂಡಿನ ಸಮೇತ ನನ್ನೊಳಗೆ ಬಚ್ಚಿಡುತ್ತಾಳೆ. ಬೆರಳು ಹೊಲಿಗೆಯ ಮೇಲೆ ಕೂತವೋ, ಪಕ್ಕಕ್ಕೆ ಸರಿದವೋ, ಬರುವುದು ಬಿರುಸಿನ ಚೆಂಡೋ ಮೋಸದ ಚೆಂಡೋ, ಎದುರಿನವಳಿಗೆ ಕಾಣಬಾರದು. ಆ ಕ್ಷಣ ನನ್ನ ಒಳಗೆ ಕತ್ತಲೆ. ಆ ಕತ್ತಲೆಯಲ್ಲಿ ದಾನಿಯ ಬೆರಳುಗಳು ಏನು ಯೋಚಿಸುತ್ತವೆ ಎಂದು ತಿಳಿಯುತ್ತಿದ್ದುದು ನನಗೊಬ್ಬನಿಗೇ.

ಅವಳು ನನಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಚೆಂಡೊಂದನ್ನು ನನ್ನ ಗುಳಿಯಲ್ಲಿಟ್ಟು, ಹಳೆಯ ಸೀರೆಯ ಅಂಚಿನಿಂದ ಬಿಗಿದು, ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಬಿರುಸಾಗಿದ್ದ ನಾನು ಮೆತ್ತಗಾದೆ. ನನಗೆ ಅವಳ ಕೈಯ ರೂಢಿಯಾಯಿತು, ಅವಳಿಗೆ ನನ್ನ ರೂಢಿ.

ಆ ವರ್ಷಗಳು ಒಂದೇ ಒಂದು ಉದ್ದನೆಯ ಮಧ್ಯಾಹ್ನದಂತೆ ನನ್ನ ನೆನಪಿನಲ್ಲಿವೆ. ಊರು ಬದಲಾಗುತ್ತಿತ್ತು, ಮೈದಾನ ಬದಲಾಗುತ್ತಿತ್ತು, ದಿಬ್ಬದ ಮೇಲೆ ಮಾತ್ರ ಯಾವಾಗಲೂ ದಾನಿಯೇ. ತಂಡದಲ್ಲಿ ಅವಳಂತೆ ಎಸೆಯುವ ಇನ್ನೊಬ್ಬಳು ಇರಲಿಲ್ಲ. ಮೊದಲ ಇನಿಂಗ್ಸಿನಿಂದ ಕೊನೆಯದರವರೆಗೆ ಅವಳೇ, ಬೆಳಗಿನ ಪಂದ್ಯಕ್ಕೂ ಅವಳೇ, ಸಂಜೆಯದಕ್ಕೂ ಅವಳೇ. ನದಾಫ್ ಸರ್ "ಸಾಕೇನವಾ?" ಎಂದು ಕೇಳುತ್ತಿದ್ದರು. "ಇನ್ನೂ ಐತ್ರಿ ಸರ" ಎಂದು ಅವಳು ನಗುತ್ತಿದ್ದಳು. ನನ್ನೊಳಗೆ ಅವಳ ಬಲಗೈಯ ಕಿರುಬೆರಳು ಆಗಾಗ ಜೋಮು ಹಿಡಿಯುತ್ತಿತ್ತು. ಅವಳು ಅದನ್ನು ಕತ್ತಲೆಯಲ್ಲೇ ಕೊಡವಿ ಚೆಂಡು ಎಸೆದುಬಿಡುತ್ತಿದ್ದಳು.

ಒಂದು ದಿನ ಹಾವೇರಿಯ ಮೈದಾನದಲ್ಲಿ ಅವಳು ಎಸೆದ ಚೆಂಡು ಎತ್ತಲೋ ಹೋಯಿತು. ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ದಾನಿ ನನ್ನನ್ನು ಎದೆಗೆ ಒತ್ತಿಕೊಂಡು ದಿಬ್ಬದ ಮೇಲೆ ಕುಕ್ಕರಿಸಿದಳು. ಅವಳ ಬಲಗೈ ಯಾರದೋ ಕೈಯಂತೆ ಪಕ್ಕದಲ್ಲಿ ಜೋತುಬಿದ್ದಿತ್ತು.

ಮೊಣಕೈಯೊಳಗಿನ ಲಿಗಮೆಂಟ್ ಹರಿದಿತ್ತು. ಹುಬ್ಬಳ್ಳಿಯ ಡಾಕ್ಟರು ಅವಳ ಮಣಿಕಟ್ಟಿನಿಂದಲೇ ಒಂದು ನರದಂಥ ಎಳೆ ತೆಗೆದು, ಮೊಣಕೈಯ ಮೂಳೆಗೆ ತೂತು ಕೊರೆದು, ಪೋಣಿಸಿ ಕಟ್ಟಿದರಂತೆ. ಅದನ್ನೆಲ್ಲ ನಾನು ಆಮೇಲೆ ಕೇಳಿದ್ದು. ಆಗ ನಾನು ಬೆಟಗೇರಿಯ ಮನೆಯಲ್ಲಿ, ಗೂಟಕ್ಕೆ ನೇತುಹಾಕಿದ ಚೀಲದೊಳಗಿದ್ದೆ.

ಆ ಕಾಲವನ್ನು ನಾನು ನಿದ್ದೆ ಎಂದೇ ಕರೆಯುತ್ತೇನೆ. ಹೊರಗೆ ಮಗ್ಗಗಳು ಟಕಟಕ ಎನ್ನುತ್ತಿದ್ದವು, ನನಗದು ಚೆಂಡು ಬಂದು ಬಂದು ಅಂಗೈಗೆ ಬಿದ್ದಂತೆ ಕೇಳುತ್ತಿತ್ತು. ಕನಸಿನಲ್ಲಿ ದಾನಿ ಆ ಹೊಂಡದ ನೀರಿನ ಮೇಲೆ ನಿಂತು ಎಸೆಯುತ್ತಿದ್ದಳು, ಚೆಂಡು ಹಕ್ಕಿಯಾಗಿ ಹಾರಿ ತಿರುಗಿ ಬರುತ್ತಿರಲಿಲ್ಲ. ಎಚ್ಚರವಾದಾಗ ಚೀಲದ ಜಿಪ್ಪಿನ ಸಂದಿಯಿಂದ ಒಂದು ಗೆರೆ ಬೆಳಕು. ಈರಪ್ಪನ ದನಿ ಕೇಳುತ್ತಿತ್ತು: "ದಾನೀ, ಗ್ಲಾಸ್ ಎತ್ತಿ ನೋಡು. ಇವತ್ತ ಆಗತೈತಿ." ಸ್ವಲ್ಪ ಹೊತ್ತಿನ ಮೇಲೆ ಗ್ಲಾಸು ಉರುಳಿದ ಸದ್ದು. "ಇರಲಿ ಬಿಡವಾ. ಗ್ವಾಡಿ ಒಂದ ದಿನಕ್ಕ ಏರ್ತಾವೇನು?"

ಒಂದು ಮಧ್ಯಾಹ್ನ ಜಿಪ್ಪು ತೆರೆಯಿತು. ದಾನಿ ನನ್ನನ್ನು ಹೊರತೆಗೆದಳು. ಹಾಕಿಕೊಳ್ಳಲಿಲ್ಲ. ಮೂಸಿ ನೋಡಿ ಎದುರಿಗೆ ನಿಂತಿದ್ದ ಹುಡುಗಿಗೆ ಕೊಟ್ಟಳು.

"ಇಟ್ಟಲ್ಲೇ ಇಟ್ರ ಸೆಟೀತೈತಿ ಸ್ನೇಹಲ್. ನಾ ಬರೂತನಕ ನೀ ಹಾಕ್ಕೋ."

ಸ್ನೇಹಲ್ ಬಾಕಳೆ ತಂಡಕ್ಕೆ ಹೊಸದಾಗಿ ಬಂದ ಪಿಚರ್. ಉದ್ದ ಮೈ, ಉದ್ದ ಬೆರಳು, ಹಗ್ಗ ಬೀಸಿದಂತೆ ಕೈ ಬೀಸುವವಳು. ಅವಳ ಬೆರಳು ನನ್ನ ತುದಿಯವರೆಗೂ ಬಂದವು. ದಾನಿಯ ಮೋಟು ಬೆರಳುಗಳು ಎಂದೂ ಮುಟ್ಟದಿದ್ದ ಮೂಲೆಗಳಲ್ಲಿ ಮೊದಲ ಸಲ ಬೆಚ್ಚಗಾಯಿತು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಗ್ಲೌಸಿಗೆ ನಿಷ್ಠೆ ಇರಬೇಕು ಎಂದುಕೊಂಡಿದ್ದೆ. ಆದರೆ ಚೆಂಡು ಬಂದು ಬಿದ್ದ ಕೂಡಲೇ ನಾನು ಎಲ್ಲ ಮರೆತು ಮುಚ್ಚಿಕೊಂಡೆ. ಸ್ನೇಹಲ್ ಎಸೆಯಲು ಶುರು ಮಾಡಿದ ಮೇಲೆ ತಂಡ ಮತ್ತೆ ಗೆಲ್ಲತೊಡಗಿತು.

ಮಾವಿನ ಹೂ ಬಿಟ್ಟ ದಿನಗಳಲ್ಲಿ ದಾನಿ ಮೈದಾನಕ್ಕೆ ಮರಳಿದಳು. ತೋಳು ಸಣ್ಣಗಾಗಿತ್ತು. ಮೊಣಕೈಯ ಒಳಬದಿಗೆ ಕಂಬಳಿಹುಳದಂಥ ಗಾಯದ ಗುರುತು. ಮೊದಮೊದಲು ಅವಳು ಹತ್ತಿರದಿಂದ ಎಸೆದಳು, ಆಮೇಲೆ ದಿಬ್ಬದಿಂದ. ಗುರಿ ಹಾಗೆಯೇ ಇತ್ತು. ಬಿರುಸು ಮಾತ್ರ ಎಲ್ಲೋ ಆಸ್ಪತ್ರೆಯಲ್ಲೇ ಉಳಿದುಬಿಟ್ಟಿತ್ತು. ಅವಳು ಹಲ್ಲು ಕಚ್ಚಿ ಎಸೆದದ್ದನ್ನು ನೋಡಿ ನದಾಫ್ ಸರ್ ಬೇವಿನ ನೆರಳಿಗೆ ಕರೆದರು. ನಾನು ಅವಳ ಕಂಕುಳಲ್ಲಿದ್ದೆ.

"ದಾನಿ, ಇನ್ನ ಮ್ಯಾಲ ಮೊದಲಿಂದ ನೀ ಒಗಿಯೂದು ಬ್ಯಾಡ. ಸ್ನೇಹಲ್ ಶುರು ಮಾಡ್ತಾಳ. ನೀ ಕಡೀಕ ಬಾ. ಕಡೀ ಎರಡು ಇನಿಂಗ್ಸ್ ನಿಂದು."

ಅವಳ ಕಂಕುಳು ಬಿಗಿಯಿತು. "ಅಂದ್ರ ನಾ ಏನ್ರಿ ಸರ, ಊಟದ ಕಡೀಕ ಬಡಿಸೋ ಮಜ್ಜಿಗೀನ?"

"ಮಜ್ಜಿಗಿ ಇಲ್ದ ಊಟ ಮುಗೀತೈತೇನವಾ?"

"ಯಾರೂ ಮಜ್ಜಿಗಿ ಉಣ್ಣಾಕಂತ ಮದವಿಗೆ ಹೋಗಂಗಿಲ್ರಿ" ಎಂದು ಅವಳು ನನ್ನನ್ನು ಕಲ್ಲಿನ ಮೇಲೆ ಬಿಟ್ಟು ಮನೆಗೆ ಹೋದಳು. ಸರ್ ನನ್ನ ಪಕ್ಕದಲ್ಲಿ ಕೂತು ಅವಳು ಹೋದ ದಾರಿ ನೋಡಿದರು. "ನಿನ್ನ ಬದಲಿಗೆ ಒಗಿಯಾಕ ಆಗ ಇನ್ನೊಬ್ಬಾಕಿ ಇದ್ದಿದ್ರ..." ಎಂದು ಗೊಣಗಿ ಮಾತು ಮುಗಿಸದೆ ಎದ್ದರು.

ವಾರವೆರಡು ಕಳೆದ ಮೇಲೆ ದಾನಿ ಬಂದಳು. ಎಸೆಯಲಿಲ್ಲ, ಗೋಡೆಗೆ ಒರಗಿ ಸ್ನೇಹಲಳ ಅಭ್ಯಾಸ ನೋಡಿದಳು. ನಾನು ಸ್ನೇಹಲಳ ಕೈಯಲ್ಲಿದ್ದೆ, ನನಗೆ ಒಂದು ಸಂಗತಿ ಗೊತ್ತಿತ್ತು. ಕೆಲವು ದಿನಗಳಿಂದ ಅವಳ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ನನ್ನೊಳಗೆ ಚೆಂಡನ್ನು ತಡಕಾಡುತ್ತಿದ್ದವು, ಕಣ್ಣಿಲ್ಲದವರು ಗೋಡೆ ತಡಕಿದ ಹಾಗೆ. ಆ ತಡಕಾಟ ನನಗೆ ಪರಿಚಿತವಾಗಿತ್ತು. ಹೇಳಬೇಕೆಂದರೆ ನನಗೆ ಬಾಯಿಲ್ಲ.

"ಒಳಗ ಏನು ಹುಡುಕಾಕತ್ತಿ?" ದಾನಿ ಗೋಡೆಯ ಬಳಿಯಿಂದಲೇ ಕೇಳಿದಳು.

ಸ್ನೇಹಲ್ ಬೆಚ್ಚಿದಳು. "ಏನಿಲ್ಲಕ್ಕಾ."

ದಾನಿ ಹತ್ತಿರ ಬಂದಳು. "ಕಿರಿಬಳ್ಳು ಜೋಮು ಹಿಡೀತೈತಿ, ಹೌದಲ್ಲ? ಸರಗ ಹೇಳು. ನಾಲ್ಕ ದಿನ ಬಿಡು."

"ಫೈನಲ್ ಬಂದೈತಿ, ಬಿಡು ಅಂತಿ." ಸ್ನೇಹಲ್ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. "ನಿನಗ ನಿನ್ನ ಜಾಗ ಬೇಕಾಗೈತಿ ಅಕ್ಕಾ. ಅದಕ್ಕ ನನ್ನ ಕೈಗೆ ಇಲ್ಲದ ಬ್ಯಾನಿ ಹಚ್ಚಾಕತ್ತಿ."

ದಾನಿಯ ಮುಖದಲ್ಲಿ ರಕ್ತ ಏರಿ ಇಳಿಯಿತು. ಸುಮ್ಮನಿದ್ದರೆ ಸಾಕಿತ್ತು: ಇನ್ನೊಂದಿಷ್ಟು ದಿನ, ಇನ್ನೊಂದು ಹಸಿ ಕಡ್ಡಿಯ ಸದ್ದು, ದಿಬ್ಬ ಮತ್ತೆ ಅವಳದೇ. ಅವಳು ತೋಳು ಮಡಿಸಿ ಗಾಯದ ಗುರುತನ್ನು ಮುಂದೆ ಹಿಡಿದಳು. "ಮುಟ್ಟಿ ನೋಡು." ಸ್ನೇಹಲ್ ಮುಟ್ಟಲಿಲ್ಲ, ಮುಖ ತಿರುಗಿಸಿದಳು. ದಾನಿ ನೇರ ನದಾಫ್ ಸರ್ ಬಳಿಗೆ ನಡೆದಳು. ಅವಳ ಮಾತು ನನಗೂ ಕೇಳಿಸಿತು.

"ಸರ, ನಾ ಕಡೀಕ ಬರ್ತೀನಿ. ಆದ್ರ ಅಕಿನ್ನ ಐದ ಇನಿಂಗ್ಸಿಗೆ ನಿಲ್ಲಸ್ರಿ. ಅಕಿ ಅತ್ರೂ ನಿಲ್ಲಸ್ರಿ."

"ಸೋತ್ರ ಊರು ನಿನ್ನ ಅಂತೈತಿ ನೋಡು."

"ಅನ್ನಲಿ ಬಿಡ್ರಿ."

ಫೈನಲ್ ವಿಜಯಪುರದಲ್ಲಿ. ಮೋಡ ಕವಿದ, ಬಿಸಿಲೂ ನೆರಳೂ ಅಲ್ಲದ ಹಗಲು. ಸ್ನೇಹಲ್ ಮಿಂಚಿನಂತೆ ಎಸೆದಳು. ಐದು ಇನಿಂಗ್ಸ್ ಮುಗಿಯುವ ಹೊತ್ತಿಗೆ ನಮ್ಮ ತಂಡ ಒಂದು ರನ್ ಮುಂದಿತ್ತು. ಆರನೆಯದಕ್ಕೆ ಅವಳೇ ದಿಬ್ಬ ಏರಿದಳು. ನದಾಫ್ ಸರ್ ಒಳಗೆ ಬಂದರು, ಹಿಂದೆ ದಾನಿ. ಸ್ನೇಹಲ್ ಚೆಂಡನ್ನು ನನ್ನೊಳಗೆ ಒತ್ತಿ ಹಿಡಿದು, ಕೊಡೆನು ಎಂಬಂತೆ ನಿಂತಳು. ದಾನಿ ಕೈ ಚಾಚಲಿಲ್ಲ. ಬಸ್ಸಿಗೆ ಕಾಯುವವರಂತೆ ಪಕ್ಕದಲ್ಲಿ ನಿಂತಳು, ಅಷ್ಟೇ.

ಸ್ನೇಹಲ್ ಅವಳಿಗಷ್ಟೇ ಕೇಳುವಂತೆ ಹೇಳಿದಳು: "ಅಕ್ಕಾ, ಕಿರಿಬಳ್ಳಿಗೆ ಚೆಂಡು ಗೊತ್ತಾಗವಲ್ದು."

"ನನಗ ಗೊತ್ತೈತಿ."

ಸ್ನೇಹಲ್ ನನ್ನನ್ನು ಕಳಚಿದಳು. ತಾನೇ ದಾನಿಯ ಎಡಗೈಗೆ ತೊಡಿಸಿದಳು, ಬಳೆ ತೊಡಿಸುವವಳ ಹಾಗೆ ಒಂದೊಂದೇ ಬೆರಳು ಸರಿಮಾಡಿ. ಒಂದು ಕೈಯ ಬೆವರು ಆರುವ ಮೊದಲೇ ಇನ್ನೊಂದು ಕೈ ನನ್ನೊಳಗೆ ಬಂತು. ಅಷ್ಟು ಬೆಚ್ಚಗೆ ನಾನು ಎಂದೂ ಇರಲಿಲ್ಲ.

ದಾನಿಯ ಬಲಗೈ ನನ್ನ ಕತ್ತಲೆಗೆ ಇಳಿಯಿತು. ಬೆರಳು ಹಳೆಯ ಬಿರುಸಿನ ಹಿಡಿತಕ್ಕೆ ಹೋದವು, ನಿಂತವು, ಹಿಂದಕ್ಕೆ ಬಂದವು. ಚೆಂಡನ್ನು ಅಂಗೈಯ ಆಳಕ್ಕೆ ಕೂರಿಸಿಕೊಂಡಳು. ಮೆಲ್ಲನೆಯ ಚೆಂಡು. ಅದು ಗಾಳಿಯಲ್ಲಿ ಯಾವುದೋ ಯೋಚನೆಯಲ್ಲಿ ಮುಳುಗಿದಂತೆ ತೇಲಿತು, ಬರುವ ಮೊದಲೇ ಎದುರಿನವಳು ಕೋಲು ಬೀಸಿ ಮುಗಿಸಿದ್ದಳು. ಆರನೆಯ ಇನಿಂಗ್ಸ್ ಹಾಗೆ ದಾಟಿತು. ಏಳನೆಯದರಲ್ಲಿ ಎದುರಿನವರಿಗೆ ಆ ನಿಧಾನ ಅರ್ಥವಾಯಿತು. ಒಬ್ಬಳು ಕಾದು ಹೊಡೆದಳು, ಚೆಂಡು ಎಲ್ಲರ ತಲೆಯ ಮೇಲೆ ಹಾದು ಬೇಲಿಯ ಕಡೆಗೆ ಹೋಯಿತು. ಇಬ್ಬರು ಓಡಿ ಬಂದು ಎರಡು ರನ್ ಪೂರೈಸಿದರು. ನಾವು ಸೋತೆವು.

"ಸ್ನೇಹಲ್ ಕಡೀತನಕ ಒಗದಿದ್ರ ಗೆಲ್ತಿದ್ವಿ" ಎಂದು ಗದಗಿನವರೆಗೆ ಬಸ್ಸಿನಲ್ಲಿ ಯಾರೋ ಹೇಳುತ್ತಲೇ ಇದ್ದರು. ದಾನಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಸೂರ್ಯಕಾಂತಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಸ್ನೇಹಲ್ ಎದ್ದು ಬಂದು ಪಕ್ಕದಲ್ಲಿ ಕೂತಳು. ಒಂದು ಬೆರಳಿನಿಂದ ಅವಳ ಮೊಣಕೈಯ ಗುರುತನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು.

ಆ ವಾರ ಹುಬ್ಬಳ್ಳಿಯ ಡಾಕ್ಟರು ಸ್ನೇಹಲಳ ಕೈ ನೋಡಿದರು. ಇನ್ನೊಂದು ಪಂದ್ಯ ಎಸೆದಿದ್ದರೆ ಹರಿಯುತ್ತಿತ್ತು, ಈಗ ವಿಶ್ರಾಂತಿ ಸಾಕು, ಶಸ್ತ್ರಚಿಕಿತ್ಸೆ ಬೇಡ ಎಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಮತ್ತೆ ದಿಬ್ಬದ ಮೇಲಿದ್ದಳು. ಆಮೇಲಿನ ವರ್ಷಗಳಲ್ಲಿ ಶುರುವಿಗೆ ಅವಳು, ಕೊನೆಗೆ ದಾನಿ. ಒಂದೇ ಪಂದ್ಯದಲ್ಲಿ ನಾನು ಎರಡು ಕೈ ಬದಲಿಸುತ್ತಿದ್ದೆ. ದಾನಿಯ ಮೆಲ್ಲನೆಯ ಚೆಂಡು ಒಮ್ಮೊಮ್ಮೆ ಪೆಟ್ಟು ತಿನ್ನುತ್ತಿತ್ತು, ಹೆಚ್ಚು ಸಲ ಗೆಲ್ಲಿಸುತ್ತಿತ್ತು. ಬೇಲಿಯ ಬಳಿಯ ಮುದುಕರು ಅವಳು ದಿಬ್ಬಕ್ಕೆ ನಡೆಯುವುದನ್ನು ನೋಡಿ, "ಬಂದಳು ನೋಡ್ರಿ, ಗೆದ್ದಂಗ, ಇನ್ನ ಮನಿಗೆ ಹೋಗಬಹುದು" ಎನ್ನತೊಡಗಿದರು. ನದಾಫ್ ಸರ್ ನಿವೃತ್ತರಾದಾಗ ಹುಡುಗಿಯರ ತೋಳು ಕಾಯುವ ಕೆಲಸವನ್ನು ಅವಳಿಗೇ ವಹಿಸಿದರು. ಯಾರು ಎಷ್ಟು ಎಸೆಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವವಳು ಈಗ ಅವಳು. ಹುಡುಗಿಯರು ಅವಳ ಮೇಲೆ ಸಿಟ್ಟಾಗುತ್ತಾರೆ. ಅವಳು ಆಗಲಿ ಎನ್ನುತ್ತಾಳೆ.

ನಾನು ಮುದಿಯಾದೆ. ಎಣ್ಣೆ ಹಚ್ಚಿದರೂ ಕುಡಿಯುವ ಶಕ್ತಿ ಇಲ್ಲ, ಅಂಚು ಬಿರಿದಿದೆ. ಕ್ರೀಡಾ ಕೋಣೆಯ ಕಿಟಕಿಕಟ್ಟೆಯ ಮೇಲೆ ನನ್ನ ಜಾಗ. ಬಿಸಿಲು ಬಂದಾಗ ತೂಕಡಿಸುತ್ತೇನೆ. ತೂಕಡಿಕೆಯಲ್ಲಿ ಯಾವ ಕೈ ಯಾವುದು ಎಂದು ತಿಳಿಯುವುದಿಲ್ಲ, ಎರಡೂ ಒಟ್ಟಿಗೇ ನನ್ನೊಳಗೆ ಇದ್ದಂತೆ ಅನ್ನಿಸುತ್ತದೆ.

ಕಳೆದ ದೀಪಾವಳಿಗೆ ಸ್ನೇಹಲ್ ಮಗುವನ್ನು ಎತ್ತಿಕೊಂಡು ಊರಿಗೆ ಬಂದಿದ್ದಳು. ಮಗುವನ್ನು ಮೈದಾನದ ಅಂಚಿನಲ್ಲಿ ಚಾಪೆಯ ಮೇಲೆ ಕೂರಿಸಿ, ನನ್ನನ್ನು ಕಿಟಕಿಯಿಂದ ಇಳಿಸಿ ತೊಟ್ಟುಕೊಂಡಳು. "ಅಕ್ಕಾ, ಒಂದ ಒಗಿ." ದಾನಿ ಸೆರಗು ಸಿಕ್ಕಿಸಿ ಎಸೆದಳು. ಚೆಂಡು ಬಂತು. ನಾನು ಬಾಯಿ ತೆರೆದು ಕಾದೆ, ಮುಚ್ಚಿಕೊಂಡೆ. ಬೆರಳುಗಳ ನಡುವಿನ ನನ್ನ ತೊಗಲುದಾರದ ಬಲೆ ಹರಿದು ಚೆಂಡು ಆ ಕಡೆಗೆ ದಾಟಿ ಹುಲ್ಲಿನಲ್ಲಿ ಉರುಳಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಸ್ನೇಹಲ್ ನನ್ನನ್ನು ಕಳಚಿ ಮಗುವಿನ ಪಕ್ಕ ಚಾಪೆಯ ಮೇಲಿಟ್ಟಳು.

ಅವರು ಬರಿಗೈಯಲ್ಲಿ ಆಡತೊಡಗಿದರು, ಮೆಲ್ಲಗೆ. ಮೇಲೆ ಆಕಾಶದಲ್ಲಿ ಚೆಂಡು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗುತ್ತಿತ್ತು. ಇಷ್ಟು ವರ್ಷ ನಾನು ಅದನ್ನು ಬಂದು ಬೀಳುವ ಭಾರದಿಂದಲೇ ಅರಿತಿದ್ದೆ. ಹೋಗುವಾಗ ಅದು ಎಷ್ಟು ಹಗುರ ಎಂದು ಅಂದೇ ಗೊತ್ತಾದದ್ದು.